ರಟ್ಟೆಯ ನೋವಿಗೆ ಯಾರು ಹೊಣೆ?

ಲಸಿಕೆಯ ಪ್ರಸ್ತಾಪ ಬಂದೊಡನೆ ನಮ್ಮಲ್ಲಿ ಸಾಮಾನ್ಯವಾಗಿ ಎರಡೇ ದನಿಗಳು ಕೇಳಿಬರುತ್ತವೆ. ಲಸಿಕೆಯಿಂದ ಯಾರಿಗೂ ಏನೂ ಆಗುವುದಿಲ್ಲವೆಂದು ಸಾಧಿಸುವ ದನಿ ಒಂದು. ಲಸಿಕೆಯೆಂದರೆ ವಿಷವೆಂದು ಹೆದರಿಸುವ ದನಿ ಇನ್ನೊಂದು. ಈ ಎರಡರ ಗದ್ದಲದಲ್ಲಿ ಮೂರನೆಯ ಒಂದು ಮಾತು ಕೇಳಿಸದೆ ಹೋಗಿದೆ. ಅದು ಇಷ್ಟೇ: ಲಸಿಕೆ ಒಳ್ಳೆಯದು, ಅದನ್ನು ಹಾಕಿಸಿಕೊಳ್ಳಬೇಕು, ಆದರೆ ಎಲ್ಲರ ಹಿತಕ್ಕಾಗಿ ತೋಳು ಚಾಚಿದವರಲ್ಲಿ ಒಬ್ಬರಿಗೆ ಬಹುಕಾಲ ಉಳಿಯುವ ಪೆಟ್ಟಾದರೆ, ಅದರ ಹೊರೆಯನ್ನು ಅವರೊಬ್ಬರೇ ಹೊರುವಂತಾಗಬಾರದು. ಇಂದು ಈ ಮೂರನೆಯ ಮಾತನ್ನು ಕೊಂಚ ವಿಸ್ತಾರವಾಗಿ ವಿಚಾರಿಸಬೇಕೆಂದಿದ್ದೇನೆ. ಮರಣ, ಪಾರ್ಶ್ವವಾಯು ಮೊದಲಾದ ದೊಡ್ಡ ಸಂಗತಿಗಳನ್ನು ಬದಿಗಿರಿಸಿ, ಯಾರೂ ಗಣನೆಗೆ ತೆಗೆದುಕೊಳ್ಳದ ಒಂದು ಸಣ್ಣ ನೋವನ್ನೇ ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಅದು ಸೂಜಿ ಚುಚ್ಚಿಸಿಕೊಂಡ ಭುಜದ ನೋವು.

ನಾನು ಯಾವ ಪಕ್ಷದವನೆಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು. ನಮ್ಮ ಬಾಲ್ಯದಲ್ಲಿ ಮುಖದ ಮೇಲೆ ದೇವಿಯ ಕಲೆಗಳನ್ನು ಹೊತ್ತ ಹಿರಿಯರು ಓಣಿಗೊಬ್ಬರಾದರೂ ಇದ್ದರು. ದೇವಿ ಹಾಕುವವರು ಬಂದರೆಂದರೆ ಹುಡುಗರೆಲ್ಲ ಹಿತ್ತಲಿಗೆ ಓಡುತ್ತಿದ್ದೆವು. ಹಿರಿಯರು ಹಿಡಿದು ತಂದು ಹಾಕಿಸುತ್ತಿದ್ದರು. ಬೆಳಗಾವಿಯ ಟಿಳಕವಾಡಿಯಲ್ಲಿ ಇಂದಿಗೂ ಜನರು ‘ವ್ಯಾಕ್ಸಿನ್ ಡೆಪೊ’ ಎಂದು ಕರೆಯುವ ಮರಗಳ ಆವರಣ ಆ ಕಾಲದ ನೆನಪನ್ನು ತನ್ನ ಹೆಸರಿನಲ್ಲಿ ಉಳಿಸಿಕೊಂಡಿದೆ. 1975ರ ಅನಂತರ ನಮ್ಮ ದೇಶದಲ್ಲಿ ಸಿಡುಬು ಇಲ್ಲವಾಯಿತು. ನಾನು ಶಿಕ್ಷಕನಾದ ಮೇಲೆ ಪಲ್ಸ್ ಪೋಲಿಯೋ ರವಿವಾರಗಳಂದು ಬೂತಿನಲ್ಲಿ ಕುಳಿತು ಮಕ್ಕಳ ಎಡಗೈಯ ಕಿರುಬೆರಳಿಗೆ ಮಸಿ ಹಚ್ಚಿದ್ದೇನೆ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆತಾಗ, ಅದರಲ್ಲಿ ನನ್ನಂಥ ಸಾವಿರಾರು ಮಾಸ್ತರರ ಕಿಂಚಿತ್ ಪಾಲೂ ಇದೆಯೆಂದು ಹೆಮ್ಮೆಪಟ್ಟಿದ್ದೇನೆ. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನದ ಮೊದಲ ಹಂತಕ್ಕೆ ಆಯ್ದುಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆಗ ಗಾಳಿಮಾತಿಗೆ ಬೆದರಿದ ಪಾಲಕರನ್ನು ಕೂರಿಸಿಕೊಂಡು ತಿಳಿಹೇಳಿದವರು ಶಾಲೆಯ ಶಿಕ್ಷಕರೇ. ಆದ್ದರಿಂದ ಮುಂದೆ ನಾನು ಬರೆಯುವುದನ್ನು ಲಸಿಕೆಯ ವಿರೋಧವೆಂದು ಯಾರೂ ಭಾವಿಸಬಾರದು. ಲಸಿಕೆಯ ಮೇಲಿನ ನಂಬಿಕೆ ಉಳಿಯಬೇಕೆಂಬ ಕಾಳಜಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ನೋವಿನ ಸ್ವರೂಪವನ್ನು ನೋಡೋಣ. ಭುಜದ ತುದಿಯಲ್ಲಿ ಬೆರಳಿಗೆ ಸಿಗುವ ಎಲುವಿನ ಕೆಳಗೆ, ರಟ್ಟೆಯ ಮೇಲ್ಭಾಗವನ್ನು ಮುಚ್ಚಿಕೊಂಡು, ತ್ರಿಕೋನಾಕಾರದ ದಪ್ಪ ಸ್ನಾಯುವೊಂದಿದೆ. ವೈದ್ಯರು ಅದನ್ನು ಡೆಲ್ಟಾಯ್ಡ್ ಎನ್ನುತ್ತಾರೆ. ದೊಡ್ಡವರಿಗೆ ಬಹುತೇಕ ಲಸಿಕೆಗಳನ್ನು ಈ ಸ್ನಾಯುವಿನಲ್ಲಿಯೇ ಚುಚ್ಚುವುದು. ಭುಜದ ಎಲುವಿನಿಂದ ಎರಡು ಮೂರು ಬೆರಳಗಲ ಕೆಳಗೆ, ಸ್ನಾಯುವಿನ ದಪ್ಪವಾದ ಭಾಗದಲ್ಲಿ, ಸೂಜಿ ನೇರವಾಗಿ ಇಳಿಯಬೇಕೆಂಬುದು ನಿಯಮ. ಆ ಎಲುವಿನ ಅಡಿಯಲ್ಲಿಯೇ ಬರ್ಸಾ ಎಂಬ ತೆಳುವಾದ ಚೀಲವೊಂದಿದೆ; ಕೀಲು ಸವೆಯದೆ ಸರಾಗವಾಗಿ ಆಡಲೆಂದು ಪ್ರಕೃತಿ ಇಟ್ಟ ಮೆತ್ತೆಯಂತೆ ಅದು. ಸೂಜಿ ನಿಗದಿತ ಜಾಗಕ್ಕಿಂತ ಮೇಲೆ ಬಿದ್ದರೆ ಲಸಿಕೆಯ ದ್ರವ ಸ್ನಾಯುವಿನ ಬದಲು ಈ ಚೀಲವನ್ನೋ ಅದರ ನೆರೆಯ ಸ್ನಾಯುರಜ್ಜುಗಳನ್ನೋ ಸೇರುತ್ತದೆ. ರೋಗದ ವಿರುದ್ಧ ಹೋರಾಡಲೆಂದು ದೇಹವನ್ನು ಕೆರಳಿಸುವುದೇ ಲಸಿಕೆಯ ಕೆಲಸ. ಆ ಕೆರಳಿಕೆ ಕೀಲಿನೊಳಗೆ ನಡೆದರೆ ಉರಿಯೂತವುಂಟಾಗಿ, ಕೆಲವರಲ್ಲಿ ಭುಜವೇ ಬಿಗಿದುಕೊಂಡು, ತೋಳನ್ನು ಎತ್ತಲಾಗದ ಸ್ಥಿತಿ ಬರುತ್ತದೆ.

ಎರಡು ಮೂರು ದಿನಗಳಲ್ಲಿ ಮಾಯವಾಗುವ ಸಾಮಾನ್ಯ ರಟ್ಟೆನೋವು ಬೇರೆ, ಇದು ಬೇರೆ. ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. 2007ರಲ್ಲಿ ಅಮೆರಿಕದ ವೈದ್ಯರಿಬ್ಬರು ಇಂಥ ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. 2010ರಲ್ಲಿ ಇನ್ನೊಂದು ತಂಡ 13 ಜನರ ವಿವರ ಕೊಟ್ಟು, ಇದಕ್ಕೆ ‘ಸಿರ್ವಾ’ ಎಂಬ ಸಂಕ್ಷಿಪ್ತ ಹೆಸರನ್ನಿತ್ತಿತು. ಲಸಿಕೆ ನೀಡಿಕೆಗೆ ಸಂಬಂಧಿಸಿದ ಭುಜದ ಗಾಯ ಎಂದು ಅದರ ಅರ್ಥ. ಲಸಿಕೆಗಳ ಪ್ರತಿಕೂಲ ಪರಿಣಾಮಗಳನ್ನು ಸಮಗ್ರವಾಗಿ ಪರಿಶೀಲಿಸಿದ ಅಮೆರಿಕದ ವೈದ್ಯವಿದ್ಯಾ ಸಂಸ್ಥೆಯ ಸಮಿತಿ 2011ರಲ್ಲಿ, ಸೂಜಿ ಚುಚ್ಚುವಿಕೆಗೂ ಭುಜದ ಈ ಚೀಲದ ಉರಿಯೂತಕ್ಕೂ ಕಾರ್ಯಕಾರಣ ಸಂಬಂಧವಿದೆ ಎಂಬುದಕ್ಕೆ ಆಧಾರ ಮನವರಿಕೆಯಾಗುವಷ್ಟಿದೆ ಎಂದು ಹೇಳಿತು. ಕೋವಿಡ್ ಲಸಿಕೆಯ ಅನಂತರ ನಮ್ಮ ದೇಶದ ವೈದ್ಯರೂ ಇಂಥ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಇದು ಅಪರೂಪ, ನಿಜ. ಅಪರೂಪವಾದದ್ದು ಸುಳ್ಳೇನೂ ಅಲ್ಲ.

ನನ್ನೊಡನೆ ಕೆಲಸ ಮಾಡಿದ, ನನಗಿಂತ ಕಿರಿಯರಾದ ಶಿಕ್ಷಕಿಯೊಬ್ಬರಿಗೆ 2021ರಲ್ಲಿ ಹೀಗೆಯೇ ಆಯಿತು. ನೂಕುನುಗ್ಗಲಿನ ಒಂದು ಕೇಂದ್ರದಲ್ಲಿ ಉಚಿತ ಲಸಿಕೆ. ಕುಪ್ಪಸದ ತೋಳು ಬಿಗಿಯಾಗಿದ್ದುದರಿಂದ ಅದನ್ನು ಮೇಲಕ್ಕೆ ಸರಿಸಲಾಗಲಿಲ್ಲ. ಕೊರಳ ಕಡೆಯಿಂದ ಕೆಳಕ್ಕೆಳೆದು, ಕಂಡಷ್ಟೇ ಜಾಗದಲ್ಲಿ, ಅಂದರೆ ಭುಜದ ತೀರ ಮೇಲ್ಭಾಗದಲ್ಲಿ, ಸೂಜಿ ಹಾಕಲಾಯಿತು. ಅದೇ ರಾತ್ರಿ ಆರಂಭವಾದ ನೋವು ಹನ್ನೊಂದು ತಿಂಗಳು ಬಿಡಲಿಲ್ಲ. ಬಲಗೈ ಹೆಗಲಿನ ಮಟ್ಟಕ್ಕೂ ಏರದು. ಕರಿಹಲಗೆಯ ಮೇಲಿನ ಸಾಲಿನಲ್ಲಿ ಬರೆಯಲಾರರು. ಖಡುವನ್ನು ಎಡಗೈಗೆ ತೆಗೆದುಕೊಂಡರು. ಮನೆಯಲ್ಲಿ ಹೆರಳು ಹಾಕಿಕೊಳ್ಳಲು ಮಗಳು ಬರಬೇಕು. ರೊಟ್ಟಿ ಬಡಿಯುವುದಂತೂ ನಿಂತೇಹೋಯಿತು. ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ರೊಟ್ಟಿ ಬಡಿಯುವ ಕೈ ನಿಂತಿತೆಂದರೆ ಮನೆಯ ಅರ್ಧ ಸಂಸಾರವೇ ನಿಂತಂತೆ. ಸ್ಕ್ಯಾನಿಂಗು, ಭುಜದೊಳಗಿನ ಇಂಜೆಕ್ಷನ್ನುಗಳು, ವಾರಕ್ಕೆ ಮೂರು ದಿನ ವ್ಯಾಯಾಮ ಚಿಕಿತ್ಸೆ, ಎಲ್ಲದಕ್ಕೂ ತಮ್ಮ ಗಂಟಿನಿಂದಲೇ ಹಣ ಕಳೆದರು.

ದೂರು ಕೊಡಬಾರದೇಕೆ ಎಂದು ನಾನು ಕೇಳಿದ್ದುಂಟು. ಅವರು ನಕ್ಕು ಹೇಳಿದರು: “ನನ್ನ ಕೈಯಾಗ ಕಲತ ಹುಡುಗಿರಿ ಸರ್ ಅಕಿ. ಮುಂಜಾನಿಂದ ಊಟ ಸೈತ ಮಾಡಿರಲಿಲ್ಲ. ಅಕಿ ಮ್ಯಾಲೆ ಕೇಸ್ ಹ್ಯಾಂಗ ಹಾಕ್ಲಿ?” ಸೂಜಿ ಹಾಕಿದ ನರ್ಸ್ ಅವರದೇ ಹಳೆಯ ವಿದ್ಯಾರ್ಥಿನಿ.

ಈ ಒಂದು ಮಾತಿನಲ್ಲಿ ನಮ್ಮ ಕಾನೂನಿನ ಇಡೀ ತೊಡಕು ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ನಷ್ಟಕ್ಕೆ ಪರಿಹಾರ ಬೇಕೆಂದರೆ ಮೊದಲು ಒಬ್ಬ ತಪ್ಪಿತಸ್ಥರನ್ನು ಹುಡುಕಿ ನಿಲ್ಲಿಸಬೇಕು. ತಪ್ಪಿತಸ್ಥರು ಸಿಗದಿದ್ದರೆ, ಸಿಕ್ಕರೂ ಬೊಟ್ಟು ಮಾಡಿ ತೋರಿಸಲು ಮನಸ್ಸು ಬಾರದಿದ್ದರೆ, ನೋವು ನಿಮ್ಮದು, ಖರ್ಚೂ ನಿಮ್ಮದು.

ಅವರಿಗೆ ಮನಸ್ಸಿತ್ತೆಂದೇ ಇಟ್ಟುಕೊಳ್ಳೋಣ. ಯಾವ ಬಾಗಿಲನ್ನು ತಟ್ಟಬಹುದಾಗಿತ್ತು? ಸಾಮಾನ್ಯರಿಗೆ ಮೊದಲು ನೆನಪಾಗುವುದು ಗ್ರಾಹಕರ ನ್ಯಾಯಾಲಯ. 1995ರಲ್ಲಿ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ. ಪಿ. ಶಾಂತಾ ಅವರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿತು. ರೋಗಿಗಳ ಪಾಲಿಗೆ ಅದೊಂದು ದೊಡ್ಡ ತೀರ್ಪು. ಆದರೆ ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆ ಆ ವ್ಯಾಪ್ತಿಯ ಹೊರಗೆ ಉಳಿಯಿತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿಯೂ ಉಚಿತ ಸೇವೆ ‘ಸೇವೆ’ಯಲ್ಲ. ಇದರ ಪರಿಣಾಮವನ್ನು ನೋಡಿರಿ. 2021ರ ಮಾರ್ಚಿನಲ್ಲಿ ಖಾಸಗಿ ಆಸ್ಪತ್ರೆಗಳಲ್ಲಿ ಒಂದು ಡೋಸಿಗೆ 250 ರೂಪಾಯಿಗಳ ಮಿತಿಯಿತ್ತು. ಅಷ್ಟನ್ನು ತೆತ್ತು ಹಾಕಿಸಿಕೊಂಡವನು ಗ್ರಾಹಕ. ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ಅವನಿಗೆ ತೆರೆದಿದೆ. ಸರಕಾರದ ಕರೆಗೆ ಓಗೊಟ್ಟು, ಸರದಿಯಲ್ಲಿ ನಿಂತು, ಉಚಿತ ಲಸಿಕೆ ಹಾಕಿಸಿಕೊಂಡ ಶಿಕ್ಷಕಿ ಗ್ರಾಹಕಳೇ ಅಲ್ಲ. ಸೂಜಿ ಒಂದೇ, ಭುಜ ಒಂದೇ, ನೋವೂ ಒಂದೇ. ನಡುವಿನ ಅಂತರ 250 ರೂಪಾಯಿ.

ಎರಡನೆಯದು ಸಿವಿಲ್ ನ್ಯಾಯಾಲಯ. ಇಲ್ಲಿ ನಿರ್ಲಕ್ಷ್ಯವನ್ನು ಸಾಬೀತುಪಡಿಸುವ ಹೊಣೆ ನೊಂದವರದು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಧಿಸಿದ ಒರೆಗಲ್ಲು ಕಠಿಣವಾದುದು: ಆ ವೃತ್ತಿಯ ಸಾಧಾರಣ ಕೌಶಲವುಳ್ಳವರು ತೋರಬೇಕಾದ ಎಚ್ಚರವನ್ನು ತೋರಲಿಲ್ಲವೆಂದು ಸಿದ್ಧವಾಗಬೇಕು, ಫಲ ಕೆಟ್ಟಿತೆಂಬುದಷ್ಟೇ ಸಾಲದು. ವೈದ್ಯರನ್ನು ವೃಥಾ ಕಿರುಕುಳದಿಂದ ಕಾಪಾಡಲು ಈ ಒರೆಗಲ್ಲು ಬೇಕು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಭುಜದ ಪ್ರಕರಣದಲ್ಲಿ ಸಾಕ್ಷ್ಯವೆಲ್ಲಿಂದ ಬರಬೇಕು? ಸೂಜಿ ಎಷ್ಟು ಬೆರಳು ಮೇಲೆ ಬಿತ್ತೆಂದು ಯಾರೂ ಬರೆದಿಡುವುದಿಲ್ಲ. ಚುಚ್ಚಿದ ಗುರುತು ವಾರದಲ್ಲಿ ಅಳಿಯುತ್ತದೆ. ಮಹಿಳೆಯರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಉಚಿತ ವಕೀಲರು ದೊರೆಯಬಹುದು; ಸಾಕ್ಷಿ ನುಡಿಯಲು ಉಚಿತ ಮೂಳೆತಜ್ಞರು ದೊರೆಯುವರೆ? ಮೂರನೆಯದು ಹೈಕೋರ್ಟು. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಪೀಠ ನಮ್ಮ ಧಾರವಾಡದಲ್ಲಿಯೇ ಇದೆ. ಆದರೆ ವಾಸ್ತವಾಂಶಗಳೇ ವಿವಾದದಲ್ಲಿರುವಾಗ ರಿಟ್ ಅರ್ಜಿಯಲ್ಲಿ ಸಾಕ್ಷಿ ವಿಚಾರಣೆ ನಡೆಸುವುದು ಹೈಕೋರ್ಟಿನ ವಾಡಿಕೆಯಲ್ಲ. ಹೀಗೆ ಮೂರು ಬಾಗಿಲುಗಳಲ್ಲಿ ಒಂದು ಮುಚ್ಚಿದೆ, ಒಂದು ಭಾರವಾಗಿದೆ, ಮತ್ತೊಂದು ಇಂಥ ಕೆಲಸಕ್ಕೆಂದು ಮಾಡಿದ್ದಲ್ಲ.

ಈ ತೊಡಕನ್ನು ಬೇರೆಯವರು ಹೇಗೆ ಬಿಡಿಸಿಕೊಂಡರು? 1980ರ ದಶಕದಲ್ಲಿ ಅಮೆರಿಕದಲ್ಲಿ ನಾಯಿಕೆಮ್ಮಿನ ಲಸಿಕೆಯ ಮೇಲೆ ದಾವೆಗಳ ಸುರಿಮಳೆಯಾಗಿ, ತಯಾರಕರು ಒಬ್ಬೊಬ್ಬರಾಗಿ ಉತ್ಪಾದನೆಯನ್ನೇ ಬಿಡತೊಡಗಿದರು. ಲಸಿಕೆ ಸಿಗದಂತಾದರೆ ಮಕ್ಕಳ ಗತಿಯೇನು ಎಂಬ ಭೀತಿಯಿಂದ 1986ರಲ್ಲಿ ಅಲ್ಲಿಯ ಸಂಸತ್ತು ಒಂದು ಕಾಯ್ದೆ ಮಾಡಿತು. 1988ರ ಅಕ್ಟೋಬರಿನಿಂದ ಪರಿಹಾರದ ವ್ಯವಸ್ಥೆ ಜಾರಿಗೆ ಬಂದಿತು. ಅದರ ಹೂರಣ ಸರಳವಾದುದು. ಲಸಿಕೆಯೊಂದು ತಡೆಯುವ ಪ್ರತಿಯೊಂದು ರೋಗಕ್ಕೆ ಡೋಸಿಗೆ 75 ಸೆಂಟ್‌ಗಳಂತೆ ತೆರಿಗೆ. ಆ ಹಣದಿಂದ ಒಂದು ನಿಧಿ. ನೊಂದವರು ವಾಷಿಂಗ್ಟನ್ನಿನ ವಿಶೇಷ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಬೇಕು. ಎದುರುವಾದಿ ಸರಕಾರವೇ ಹೊರತು ಕಂಪನಿಯಲ್ಲ, ನರ್ಸಳಲ್ಲ. ಯಾರ ತಪ್ಪೆಂಬ ಪ್ರಶ್ನೆಯೇ ಅಲ್ಲಿಲ್ಲ. ಪ್ರಾಮಾಣಿಕವಾಗಿ, ತಕ್ಕ ಆಧಾರದೊಡನೆ ಅರ್ಜಿ ಹಾಕಿದ್ದರೆ, ಸೋತರೂ ವಕೀಲರ ಶುಲ್ಕವನ್ನು ನಿಧಿಯಿಂದ ಕೊಡುವ ಅವಕಾಶವಿದೆ.

2017ರ ಮಾರ್ಚಿನಲ್ಲಿ ಭುಜದ ಗಾಯವನ್ನೂ ಆ ಕಾಯ್ದೆಯ ಅನುಸೂಚಿಗೆ ಸೇರಿಸಿದರು. ಷರತ್ತುಗಳು ನಾಲ್ಕು. ಆ ಭುಜದಲ್ಲಿ ಲಸಿಕೆಗೆ ಮುನ್ನ ಅಂಥ ನೋವಿನ ಇತಿಹಾಸವಿರಬಾರದು. ನೋವು 48 ಗಂಟೆಗಳೊಳಗೆ ಆರಂಭವಾಗಿರಬೇಕು. ನೋವೂ ಚಲನೆಯ ಕೊರತೆಯೂ ಲಸಿಕೆ ಹಾಕಿದ ಭುಜಕ್ಕೆ ಮಾತ್ರ ಸೀಮಿತವಾಗಿರಬೇಕು. ಬೇರೆ ಯಾವ ಕಾಯಿಲೆಯಿಂದಲೂ ಅದನ್ನು ವಿವರಿಸಲಾಗಬಾರದು. ಇದರೊಡನೆ, ಸಾಮಾನ್ಯ ನಿಯಮದಂತೆ, ತೊಂದರೆ ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು. ಮೂರು ವರ್ಷಗಳೊಳಗೆ ಅರ್ಜಿ ಬರಬೇಕು. ಇಷ್ಟಾದರೆ ಲಸಿಕೆಯಿಂದಲೇ ಆಯಿತೆಂದು ಕಾನೂನು ಊಹಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಸರಕಾರದ್ದು. ಚಿಕಿತ್ಸೆಯ ಖರ್ಚು, ಕಳೆದುಹೋದ ಸಂಬಳ, ನೋವಿಗಾಗಿ ಎರಡೂವರೆ ಲಕ್ಷ ಡಾಲರಿನ ಮಿತಿಯೊಳಗೆ ಒಂದು ಮೊತ್ತ. ನನ್ನ ಸಹೋದ್ಯೋಗಿಯ ಕಥೆಯನ್ನು ಈ ಷರತ್ತುಗಳ ಪಕ್ಕದಲ್ಲಿಟ್ಟು ನೋಡಿರಿ, ಒಂದೊಂದೂ ಕೂಡಿಬರುತ್ತದೆ.

ಅಲ್ಲಿಯ ವ್ಯವಸ್ಥೆ ದೋಷರಹಿತವೆಂದು ನಾನು ಹೇಳುವುದಿಲ್ಲ. ಕೋವಿಡ್ ಲಸಿಕೆಗಳನ್ನು ಈ ನಿಧಿಗೆ ಸೇರಿಸದೆ ಬೇರೊಂದು ತುರ್ತು ಯೋಜನೆಗೆ ಒಳಪಡಿಸಿದರು. ಅಲ್ಲಿ ಗಡುವು ಒಂದೇ ವರ್ಷ, ವಕೀಲರ ಶುಲ್ಕವೂ ಇಲ್ಲ. ಭುಜದ ಗಾಯದ ಅರ್ಜಿಗಳು ಹೆಚ್ಚಿದಾಗ, ಅದನ್ನು ಅನುಸೂಚಿಯಿಂದಲೇ ಕಿತ್ತುಹಾಕುವ ನಿಯಮ 2021ರ ಜನವರಿಯಲ್ಲಿ ಹೊರಟಿತ್ತು. ವಾದವೇನೆಂದರೆ, ಈ ಗಾಯ ಲಸಿಕೆಯದಲ್ಲ, ಸೂಜಿ ಹಿಡಿದ ಕೈಯದು. ಆದ್ದರಿಂದ ನೊಂದವರು ಆ ಕೈಯ ಮೇಲೆ ದಾವೆ ಹೂಡಲಿ. ಅದೇ ವರ್ಷದ ಏಪ್ರಿಲಿನಲ್ಲಿ ಆ ನಿಯಮವನ್ನು ಹಿಂತೆಗೆದುಕೊಳ್ಳಲಾಯಿತು. ಹಿಂತೆಗೆದುಕೊಂಡದ್ದು ಸರಿಯೆಂದು ನನ್ನ ಅಭಿಪ್ರಾಯ. ಸೂಜಿಯಿಲ್ಲದೆ ಆ ಲಸಿಕೆ ಒಳಹೋಗದು. ದಿನಕ್ಕೆ ನೂರಾರು ಜನರಿಗೆ ಅವಸರದಲ್ಲಿ ಸೂಜಿ ಹಾಕಿಸುವ ವ್ಯವಸ್ಥೆಯನ್ನು ಕಟ್ಟಿದವರು ನಾವೆಲ್ಲ. ಆ ವ್ಯವಸ್ಥೆ ಲಕ್ಷಾಂತರ ಜೀವ ಉಳಿಸಿದಾಗ ಕೀರ್ತಿ ಎಲ್ಲರದು. ಒಂದು ಭುಜ ಕೆಟ್ಟಾಗ ಹೊಣೆ ಮಾತ್ರ ಊಟ ಬಿಟ್ಟು ದುಡಿದ ಆ ನರ್ಸಳದೆ?

ಇನ್ನು ನಮ್ಮ ಸರಕಾರದ ನಿಲುವನ್ನು ನೋಡೋಣ. 2021ರಲ್ಲಿ ಕೋವಿಡ್ ಲಸಿಕೆಯ ಅನಂತರ ತೀರಿಕೊಂಡ ಇಬ್ಬರು ಯುವತಿಯರ ತಂದೆತಾಯಿಗಳು ಸುಪ್ರೀಂ ಕೋರ್ಟಿನ ಮೊರೆಹೊಕ್ಕಾಗ, 2022ರ ನವೆಂಬರಿನಲ್ಲಿ ಕೇಂದ್ರ ಸರಕಾರ ಪ್ರಮಾಣಪತ್ರ ಸಲ್ಲಿಸಿತು. ಲಸಿಕೆ ಸ್ವಯಂಪ್ರೇರಿತವಾದುದು, ಸರಕಾರವನ್ನು ನೇರ ಹೊಣೆಗಾರನನ್ನಾಗಿ ಮಾಡಲಾಗದು, ನೊಂದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು ಎಂಬುದು ಅದರ ಸಾರ. ಕಾನೂನಿನ ಅಕ್ಷರಾರ್ಥದಲ್ಲಿ ‘ಸ್ವಯಂಪ್ರೇರಿತ’ ಎಂಬುದು ನಿಜವಿರಬಹುದು. ಆದರೆ 2021ರ ಡಿಸೆಂಬರನ್ನು ನಾವು ಕರ್ನಾಟಕದವರು ಮರೆತಿಲ್ಲ. ಬೆಂಗಳೂರಿನಲ್ಲಿ ದೇಶದ ಮೊದಲ ಓಮಿಕ್ರಾನ್ ಪ್ರಕರಣಗಳು ಪತ್ತೆಯಾದ ಮರುದಿನವೇ ರಾಜ್ಯ ಸರಕಾರ ಹೊಸ ನಿಯಮಗಳನ್ನು ಹೊರಡಿಸಿತು: ಎರಡು ಡೋಸ್ ಆಗದವರಿಗೆ ಮಾಲ್, ಚಿತ್ರಮಂದಿರಗಳಲ್ಲಿ ಪ್ರವೇಶವಿಲ್ಲ, ಶಾಲೆಗೆ ಬರುವ ಮಕ್ಕಳ ತಂದೆತಾಯಿಗಳಿಗೆ ಎರಡೂ ಡೋಸ್ ಆಗಿರಲೇಬೇಕು. ಆ ಕಷ್ಟಕಾಲದಲ್ಲಿ ಹಾಗೆ ಒತ್ತಾಯಿಸಿದ್ದಕ್ಕೆ ಕಾರಣವಿತ್ತು. ಅದನ್ನು ಹಳಿಯಲು ಇಲ್ಲಿ ಹೇಳುತ್ತಿಲ್ಲ. ಮಗುವಿನ ಶಾಲೆಯ ಬಾಗಿಲಿಗೆ ಲಸಿಕೆಯನ್ನು ಕಟ್ಟಿದ ಮೇಲೆ, ನೋವಾದಾಗ ‘ನೀವೇ ಇಚ್ಛೆಪಟ್ಟು ಹಾಕಿಸಿಕೊಂಡಿರಿ’ ಎನ್ನುವುದು ಶೋಭಿಸುವ ಮಾತಲ್ಲ ಎಂದಷ್ಟೇ ನನ್ನ ವಾದ.

ಇಲ್ಲೊಂದು ವಿಚಿತ್ರವೂ ಇದೆ. 2020ರಲ್ಲಿ ಕೋವ್ಯಾಕ್ಸಿನ್ ಪ್ರಯೋಗಕ್ಕೆ ಆಯ್ದುಕೊಂಡ 12 ಸಂಸ್ಥೆಗಳಲ್ಲಿ ಬೆಳಗಾವಿಯ ಒಂದು ಆಸ್ಪತ್ರೆಯೂ ಇತ್ತು. 2019ರ ಹೊಸ ಔಷಧಗಳ ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳಂತೆ, ಪ್ರಯೋಗಕ್ಕೆ ಒಳಗಾದವರಿಗೆ ಗಾಯವಾದರೆ ಉಚಿತ ಚಿಕಿತ್ಸೆಯೂ, ಪ್ರಯೋಗದಿಂದಲೇ ಆಯಿತೆಂದು ಕಂಡುಬಂದರೆ ಪರಿಹಾರವೂ ಸಲ್ಲಬೇಕು. ಲಸಿಕೆ ಪ್ರಯೋಗದ ಹಂತದಲ್ಲಿರುವಾಗ ತೋಳು ಕೊಟ್ಟವರಿಗೆ ಇರುವ ಈ ಹಕ್ಕು, ಪ್ರಯೋಗ ಮುಗಿದು ಕೋಟ್ಯಂತರ ಜನರಿಗೆ ಹಂಚುವಾಗ ತೋಳು ಕೊಟ್ಟವರಿಗೆ ದೊರೆಯಲಿಲ್ಲ.

ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವುದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆ ದುಡಿಮೆಯಲ್ಲಿ ಅಂಗ ಕಳೆದುಕೊಂಡವನಿಗೆ ಮಾಲೀಕನ ನಿರ್ಲಕ್ಷ್ಯವನ್ನು ಸಾಬೀತುಪಡಿಸೆಂದು ಕೇಳಲಿಲ್ಲ. ಅದರ ಪಟ್ಟಿಯಲ್ಲಿ ಭುಜದ ಕೀಲಿನಿಂದ ತೋಳು ಹೋದರೆ ನೂರಕ್ಕೆ 90ರಷ್ಟು ದುಡಿಮೆಯ ಶಕ್ತಿ ಹೋಯಿತೆಂದು ಲೆಕ್ಕ ಹಾಕಲಾಗಿತ್ತು. ಆ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದ್ದರೂ ತತ್ತ್ವ ಬಾಳಿದೆ. 1982ರಲ್ಲಿ ಮೋಟಾರು ವಾಹನ ಕಾನೂನಿಗೆ ತಿದ್ದುಪಡಿ ತಂದು, ಚಾಲಕನ ತಪ್ಪಿರಲಿ ಬಿಡಲಿ, ಮೃತರ ಕುಟುಂಬಕ್ಕೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಎಂದು ನಿಗದಿಪಡಿಸಿದರು. 2019ರ ತಿದ್ದುಪಡಿಯಲ್ಲಿ ಅದು ಮರಣಕ್ಕೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷವಾಯಿತು. ಆರೋಗ್ಯದ ಕ್ಷೇತ್ರದಲ್ಲಿಯೇ ಮೇಲ್ಪಂಕ್ತಿ ಬೇಕೆಂದರೆ ಕುಟುಂಬ ಯೋಜನೆಯನ್ನು ನೋಡಬಹುದು. ಸಂತಾನ ನಿರೋಧ ಶಸ್ತ್ರಚಿಕಿತ್ಸೆ ವಿಫಲವಾದರೆ, ತೊಡಕಾದರೆ, ಮರಣ ಸಂಭವಿಸಿದರೆ ಪರಿಹಾರ ನೀಡುವ ರಾಷ್ಟ್ರೀಯ ವಿಮಾ ಯೋಜನೆ 2005ರ ನವೆಂಬರಿನಲ್ಲಿ ಆರಂಭವಾಯಿತು. ಅಂದರೆ, ಸಮಾಜದ ಹಿತಕ್ಕಾಗಿ ಪ್ರಜೆಯ ದೇಹವನ್ನು ಕೇಳಿದ ಸರಕಾರ ಆ ದೇಹಕ್ಕಾದ ಹಾನಿಯನ್ನು ತುಂಬಿಕೊಡಬೇಕೆಂಬ ನ್ಯಾಯವನ್ನು ನಾವು ಆಗಲೇ ಒಪ್ಪಿದ್ದೇವೆ. ಅದನ್ನು ಕತ್ತರಿಯಿಂದ ಸೂಜಿಗೆ ವಿಸ್ತರಿಸುವುದಷ್ಟೇ ಉಳಿದಿರುವ ಕೆಲಸ.

ಆಕ್ಷೇಪಣೆಗಳು ಇಲ್ಲವೆಂದಲ್ಲ. ಪರಿಹಾರದ ಮಾತೆತ್ತಿದರೆ ಜನ ಲಸಿಕೆಗೇ ಹೆದರುತ್ತಾರೆ ಎನ್ನುವವರಿದ್ದಾರೆ. ತರಗತಿಯಲ್ಲಿ ನಾಲ್ಕು ದಶಕ ಕಳೆದವನಾಗಿ ನಾನು ಹೇಳಬಲ್ಲೆ: ಹುಡುಗರು ಮುಚ್ಚಿಟ್ಟ ಮಾತಿಗೆ ಹೆದರುವಷ್ಟು ಬಿಚ್ಚಿಟ್ಟ ಮಾತಿಗೆ ಹೆದರುವುದಿಲ್ಲ. ದೊಡ್ಡವರೂ ಹಾಗೆಯೇ. ಬಸ್ಸಿನ ಟಿಕೇಟಿನಲ್ಲಿ ಅಪಘಾತ ಪರಿಹಾರದ ಹಣ ಸೇರಿದೆಯೆಂದು ಯಾರೂ ಬಸ್ಸು ಹತ್ತುವುದನ್ನು ಬಿಟ್ಟಿಲ್ಲ. ಸುಳ್ಳು ಅರ್ಜಿಗಳು ಬಂದಾವೆಂಬುದು ಎರಡನೆಯ ಆಕ್ಷೇಪ. ನಲವತ್ತು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ, ಭುಜ ಬಿಗಿಯುವುದು ತಾನಾಗಿಯೇ ಬರುವ ವ್ಯಾಧಿ ಹೌದು. ಅದಕ್ಕಾಗಿಯೇ 48 ಗಂಟೆಗಳ, ಹಿಂದಿನ ಇತಿಹಾಸದ, ಆರು ತಿಂಗಳ ಷರತ್ತುಗಳಿರುವುದು. ಹೃದಯದ, ನರಗಳ ತೊಂದರೆಗಳಲ್ಲಿ ಕಾರಣ ಹುಡುಕುವುದು ಪಂಡಿತರಿಗೂ ಕಷ್ಟ. ಭುಜದ ಗಾಯವಾದರೋ ಚುಚ್ಚಿದ ಜಾಗದಲ್ಲಿಯೇ, ಚುಚ್ಚಿದ ಹೊತ್ತಿನಲ್ಲಿಯೇ ಕಾಣಿಸಿಕೊಳ್ಳುವಂಥದು. ತಪ್ಪುರಹಿತ ಪರಿಹಾರವನ್ನು ನಮ್ಮ ದೇಶ ಕಲಿಯಬೇಕೆಂದಿದ್ದರೆ ಇದೇ ಮೊದಲ ಪಾಠವಾಗಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಹಣದ ಮಾತು ಬರುತ್ತದೆ. 2022ರ ಜುಲೈ 17ರಂದು ದೇಶ 200 ಕೋಟಿ ಡೋಸುಗಳನ್ನು ಪೂರೈಸಿತು. ಡೋಸಿಗೆ ಒಂದೇ ರೂಪಾಯಿ ತೆಗೆದಿಟ್ಟಿದ್ದರೆ 200 ಕೋಟಿ ರೂಪಾಯಿಗಳ ನಿಧಿಯಾಗುತ್ತಿತ್ತು. ಬಡವನಿಂದ ಆ ರೂಪಾಯಿಯನ್ನು ಕೇಳಬೇಕಿಲ್ಲ. ಲಸಿಕೆ ಕೊಳ್ಳುವಾಗ ಸರಕಾರವೇ ಕಟ್ಟಬಹುದು. ಜಿಲ್ಲಾ ಮಟ್ಟದಲ್ಲಿ ಲಸಿಕೆಯ ಅನಂತರದ ಪ್ರತಿಕೂಲ ಘಟನೆಗಳನ್ನು ಪರಿಶೀಲಿಸುವ ಸಮಿತಿಗಳು ಈಗಾಗಲೇ ಇವೆ. ಅವು ಕಾರಣವನ್ನು ವಿಂಗಡಿಸುವಾಗ ‘ಲಸಿಕೆ ನೀಡಿಕೆಯಲ್ಲಿನ ದೋಷ’ ಎಂಬ ವರ್ಗವೂ ಒಂದಿದೆ. ಜನರು ಮತ್ತು ವೈದ್ಯರು ತಾವೇ ಇಂಥ ಘಟನೆಗಳನ್ನು ದಾಖಲಿಸಲು ಅನುಕೂಲ ಮಾಡಿಕೊಡಬೇಕೆಂದು 2022ರ ಮೇ 2ರಂದು, ಜೇಕಬ್ ಪುಲಿಯೆಲ್ ಪ್ರಕರಣದ ತೀರ್ಪಿನಲ್ಲಿ, ಸುಪ್ರೀಂ ಕೋರ್ಟೇ ಹೇಳಿದೆ. ಆ ಸಮಿತಿಗಳಿಗೆ ಒಬ್ಬ ಮೂಳೆತಜ್ಞರನ್ನು ಸೇರಿಸಿ, ಸಾಮಾನ್ಯ ಅರ್ಜಿಯ ಮೇಲೆ ಚಿಕಿತ್ಸೆಯ ಖರ್ಚನ್ನೂ ಕಳೆದ ದುಡಿಮೆಯನ್ನೂ ಮಂಜೂರು ಮಾಡುವ ಅಧಿಕಾರ ಕೊಟ್ಟರೆ ಅರ್ಧ ಕೆಲಸ ಆದಂತೆ. ಸಂಬಳ ನಿಲ್ಲದ ನನ್ನ ಸಹೋದ್ಯೋಗಿಯಂಥವರಿಗಿಂತ, ದಿನಗೂಲಿಗೆ ಹಮಾಲಿ ಮಾಡುವವನಿಗೆ, ಹೊಲದಲ್ಲಿ ಕಳೆ ತೆಗೆಯುವವಳಿಗೆ ಇದು ಹೆಚ್ಚು ಅಗತ್ಯ. ಅವರ ಆಸ್ತಿಯೆಲ್ಲ ಆ ರಟ್ಟೆಯೇ.

ಒಂದು ಎಚ್ಚರವನ್ನು ಮಾತ್ರ ಹೇಳಲೇಬೇಕು. ಬ್ರಿಟನ್ನಿನಲ್ಲಿ 1979ರಿಂದಲೇ ಇಂಥ ಕಾಯ್ದೆಯಿದೆ. ಒಮ್ಮೆಗೇ 1,20,000 ಪೌಂಡು ಕೊಡುತ್ತದೆ. ಆದರೆ ನೂರಕ್ಕೆ 60ರಷ್ಟು ಅಂಗವೈಕಲ್ಯವಾಗಿದ್ದರೆ ಮಾತ್ರ! ಎತ್ತಲಾಗದ ಭುಜ ಆ ಅಳತೆಯ ಹತ್ತಿರಕ್ಕೂ ಬಾರದು. ನಮ್ಮಲ್ಲಿ ಈ ಚರ್ಚೆಯೆಲ್ಲ ಕೋವಿಡ್ ಲಸಿಕೆಯ ಸಾವುಗಳ ಸುತ್ತಲೇ ನಡೆದಿದೆ. ಅದು ಸಹಜವೂ ಹೌದು. ಆದರೆ ಯಾವ ಯೋಜನೆ ಬಂದರೂ ಅದು ಸಾವಿಗೆ ಮತ್ತು ಕೋವಿಡ್‌ಗೆ ಮಾತ್ರ ನಿಲ್ಲದಿರಲಿ. ಗರ್ಭಿಣಿಯರಿಗೆ, ಹತ್ತು ಹದಿನಾರರ ಮಕ್ಕಳಿಗೆ ನಾವು ವರ್ಷವರ್ಷವೂ ರಟ್ಟೆಗೆ ಸೂಜಿ ಹಾಕಿಸುತ್ತಲೇ ಇದ್ದೇವೆ. ಮೊತ್ತ ಚಿಕ್ಕದಿರಲಿ, ಬಾಗಿಲು ಅಗಲವಾಗಿರಲಿ.

ಪರಿಹಾರಕ್ಕಿಂತ ಮೊದಲಿನದು ತಡೆಗಟ್ಟುವಿಕೆ. ಅದಕ್ಕೆ ಕಾಯ್ದೆ ಬೇಡ. ಸೂಜಿ ಹಾಕಿಸಿಕೊಳ್ಳುವವರೂ ಹಾಕುವವರೂ ಕುಳಿತಿರಬೇಕು. ಅಂಗಿಯ ತೋಳನ್ನು ಕೊರಳಿನಿಂದ ಕೆಳಗೆಳೆಯದೆ, ಇಡೀ ರಟ್ಟೆ ಕಾಣುವಂತೆ ಬಿಡಿಸಬೇಕು; ಹೆಣ್ಣುಮಕ್ಕಳಿಗೆ ಒಂದು ಪರದೆಯ ಮರೆ ಒದಗಿಸಬೇಕು. ಎಲುವನ್ನು ಮುಟ್ಟಿ, ಬೆರಳಿನಿಂದ ಅಳೆದು, ಅನಂತರ ಚುಚ್ಚಬೇಕು. ನೋವು ಐದಾರು ದಿನಗಳಾದರೂ ತಗ್ಗದಿದ್ದರೆ ವೈದ್ಯರಿಗೆ ತೋರಿಸಿ, ಆರಂಭವಾದ ದಿನವನ್ನು ಚೀಟಿಯಲ್ಲಿ ಬರೆಯಿಸಿಕೊಳ್ಳಬೇಕು.

ನಮ್ಮ ಅವಳಿ ನಗರದಲ್ಲಿ ಈ ಕೆಲಸಕ್ಕೆ ಬೇಕಾದವರೆಲ್ಲ ಇಪ್ಪತ್ತು ಕಿಲೋಮೀಟರುಗಳ ಅಂತರದಲ್ಲಿದ್ದಾರೆ. 1957ರಲ್ಲಿ ಆರಂಭವಾಗಿ, ಹೆಸರು ಬದಲಾದರೂ ಜನರ ಬಾಯಲ್ಲಿ ಕಿಮ್ಸ್ ಆಗಿಯೇ ಉಳಿದಿರುವ ವೈದ್ಯಕೀಯ ಕಾಲೇಜು ಹುಬ್ಬಳ್ಳಿಯಲ್ಲಿದೆ. ನವನಗರದಲ್ಲಿ 2009ರಿಂದ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ ಹೈಕೋರ್ಟಿನ ಪೀಠವಿದೆ. ಮೂಳೆತಜ್ಞರೂ ಕಾನೂನಿನ ಅಧ್ಯಾಪಕರೂ ಒಂದೆಡೆ ಕುಳಿತು, ನಮ್ಮ ಜಿಲ್ಲೆಯಲ್ಲಿ ಇಂಥ ಭುಜಗಳೆಷ್ಟಿವೆ ಎಂದು ಎಣಿಸುವ ಕೆಲಸವನ್ನಾದರೂ ಆರಂಭಿಸಿದರೆ, ಮುಂದೆ ಯೋಜನೆ ರೂಪಿಸುವವರಿಗೆ ಒಂದು ಆಧಾರ ದೊರೆತೀತು. ಹೀಗೆ ನೊಂದವರು ಓದುಗರಲ್ಲಿ ಯಾರಾದರೂ ಇದ್ದರೆ, ನಾಚಿಕೆಪಡದೆ, ನರ್ಸಳನ್ನು ದೂರದೆ, ತಮ್ಮ ಅನುಭವವನ್ನು ಹತ್ತಿರದ ಆರೋಗ್ಯಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಮುಂದಿನ ಲಸಿಕೆಗೂ ತಪ್ಪದೆ ಹೋಗಿರಿ. ಆದರೆ ಸೂಜಿ ಹಾಕುವವರಿಗೆ, ‘ಎರಡು ಬೆರಳು ಕೆಳಗೆ ಹಾಕವ್ವಾ’ ಎಂದು ಹೇಳುವುದನ್ನು ಮರೆಯಬೇಡಿರಿ.